ಅವಧಿ ಮೀರಿದ ಪೊಟ್ಟಣ ಮತ್ತು ಅಂಗಡಿಯ ಉತ್ತರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ನಮ್ಮ ತೆಂಗಿನ ಸೀಮೆಯ ಮೂರು ತಾಲ್ಲೂಕುಗಳಲ್ಲಿ ದಿನಸಿಯ ವ್ಯಾಪಾರವು ಈಚಿನ ವರ್ಷಗಳಲ್ಲಿ ತನ್ನ ರೂಪವನ್ನು ಬಹುಮಟ್ಟಿಗೆ ಬದಲಾಯಿಸಿಕೊಂಡಿದೆ. ಗದ್ದುಗೆಯ ಮೇಲೆ ಕುಳಿತು, ತಕ್ಕಡಿಯಲ್ಲಿ ಬೇಳೆಯನ್ನು ತೂಗಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿ ದಾರ ಸುತ್ತಿಕೊಡುತ್ತಿದ್ದ ಶೆಟ್ಟರ ಅಂಗಡಿಗಳು ಇನ್ನೂ ಕಣ್ಮರೆಯಾಗಿಲ್ಲವಾದರೂ, ಅವುಗಳ ಮಗ್ಗುಲಲ್ಲಿಯೇ ಗಾಜಿನ ಬಾಗಿಲಿನ, ಸಾಲುಸಾಲು ಕಪಾಟುಗಳ ಸೂಪರ್ ಮಾರ್ಕೆಟ್ಟುಗಳು ತಲೆಯೆತ್ತಿವೆ. ಗ್ರಾಹಕನು ತಾನೇ ಬುಟ್ಟಿ ಹಿಡಿದು, ತಾನೇ ಆರಿಸಿ, ತಾನೇ ಹೊತ್ತು ತಂದು ಬಿಲ್ಲಿನ ಮೇಜಿನ ಮುಂದೆ ನಿಲ್ಲುವ ಪದ್ಧತಿಗೆ ಹಳ್ಳಿಯ ಜನ ಕೂಡ ಒಗ್ಗಿಕೊಂಡಿದ್ದಾರೆ. ಇದರಲ್ಲಿ ಹಳಿಯತಕ್ಕದ್ದು ಏನೂ ಇಲ್ಲ. ಆಯ್ಕೆಯ ಸ್ವಾತಂತ್ರ್ಯವೂ, ಬೆಲೆ ಅಚ್ಚಾಗಿರುವ ಅನುಕೂಲವೂ ಜನಕ್ಕೆ ಹಿತವಾಗಿಯೇ ಕಂಡಿವೆ. ನನ್ನ ಆಕ್ಷೇಪಣೆ ಇರುವುದು ಈ ಅಂಗಡಿಗಳ ಒಂದು ನಡವಳಿಕೆಯ ವಿಚಾರದಲ್ಲಿ. ಅವಧಿ ಮುಗಿದ ತಿಂಡಿಯ ಪೊಟ್ಟಣವೊಂದನ್ನು ಗ್ರಾಹಕನು ಕಪಾಟಿನಿಂದ ತೆಗೆದು ತೋರಿಸಿದಾಗ ಅಲ್ಲಿ ದೊರೆಯುವ ಉತ್ತರವು ಏನೇನೂ ಸಾಲದು ಎಂಬುದೇ ಆ ಆಕ್ಷೇಪಣೆ.

ಪದಾರ್ಥ ಕೆಡುವುದೆಂದರೇನೆಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಕಲಿಸಿಕೊಡಬೇಕಾದದ್ದಿಲ್ಲ. ಬಲಿತ ಕಾಯನ್ನು ಮಟ್ಟೆಸಹಿತವಾಗಿ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು, ಒಮ್ಮೊಮ್ಮೆ ಒಂದು ವರ್ಷವೇ, ಅದರೊಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನ ಹಿಡಿತವನ್ನು ಬಿಟ್ಟು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಸದ್ದಾಗುವವರೆಗೆ ಕಾಯುವುದು ನಮ್ಮ ರೈತನ ಕ್ರಮ. ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರು ಸೋರಿ ಅಟ್ಟದಲ್ಲಿ ಒಂದು ಕಾಯಿ ಕೊಳೆತರೂ ಮನೆಯ ಹೆಂಗಸರಿಗೆ ವಾಸನೆಯಿಂದಲೇ ಅದು ಗೊತ್ತಾಗುತ್ತದೆ. ಯಾರಾದರೂ ಏಣಿ ಹಾಕಿ ಹತ್ತಿ, ಕೆಟ್ಟ ಕಾಯನ್ನು ಎತ್ತಿ ಬಿಸಾಡುವುದಲ್ಲದೆ, ಅದರ ಸುತ್ತಣ ಕಾಯಿಗಳನ್ನೂ ಹೊರಳಿಸಿ ನೋಡಿ, ತೇವ ತಗುಲಿದವನ್ನು ಬೇರೆ ಮಾಡಿದ ಹೊರತು ಕೆಳಗಿಳಿಯುವುದಿಲ್ಲ. ಹೀಗೆ ವರ್ಷಕಾಲ ಕಾಪಾಡಿದ ಉಂಡೆ ಕೊಬ್ಬರಿಯು ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳಕ್ಕೆ ಬಂದಾಗ, ಕೊಳ್ಳುವವನು ಚೀಲದೊಳಕ್ಕೆ ಕೈಯಿಳಿಸಿ, ಮೇಲಿನದನ್ನು ಬಿಟ್ಟು ನಡುವಿನದನ್ನೂ ಅಡಿಯದನ್ನೂ ತೆಗೆದು, ಮೂಸಿ, ಒಡೆದು, ಒಳಮೈಯ ಬಿಳುಪನ್ನು ನೋಡುತ್ತಾನೆ. ಕಮಟು ವಾಸನೆ ಬಂದರೆ ಬೆಲೆ ಇಳಿಯುತ್ತದೆ. ಬೂಷ್ಟು ಕಂಡರೆ ಮಾಲು ಪಕ್ಕಕ್ಕೆ ಸರಿಯುತ್ತದೆ. 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿಯ ಬೆಂಬಲ ಬೆಲೆಯ ಮೇಲೆ ನಾಫೆಡ್ ಮೂಲಕ ಉಂಡೆ ಕೊಬ್ಬರಿಯ ಖರೀದಿ ನಡೆದಾಗಲೂ, ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲದ ಕೊಬ್ಬರಿಯನ್ನು ರೈತನು ಮರುಮಾತಿಲ್ಲದೆ ತನ್ನ ಗಾಡಿಗೇ ತುಂಬಿಕೊಂಡು ಮನೆಗೆ ಒಯ್ಯಬೇಕಾಗಿತ್ತು. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದಾದ್ದರಿಂದ ಆ ಕಟ್ಟುನಿಟ್ಟು ನ್ಯಾಯವಾದದ್ದೇ ಸರಿ.

ಇಷ್ಟು ಕಠಿನವಾದ ಪರೀಕ್ಷೆಗೆ ತನ್ನ ಮಾಲನ್ನು ಒಡ್ಡುವ ರೈತನು, ಅದೇ ಸಂಜೆ ಕೈಯಲ್ಲಿ ಹಣ ಹಿಡಿದು ಪೇಟೆಯ ಅಂಗಡಿಗೆ ಹೋಗಿ ಬಿಸ್ಕತ್ತು, ಖಾರದ ಪುಡಿ, ಮಗುವಿನ ಗಂಜಿಹಿಟ್ಟು ಕೊಳ್ಳುವಾಗ ಅವನಿಗೆ ಯಾವ ಪರೀಕ್ಷೆಯ ಅವಕಾಶವಿದೆ? ಚೀಲ ಬಿಚ್ಚುವಂತಿಲ್ಲ, ಮೂಸುವಂತಿಲ್ಲ, ಚಿವುಟಿ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಹಳೆಯ ಅಂಗಡಿಯಲ್ಲಿ ಬೇಳೆಗೆ ನುಸಿ ಬಿದ್ದಿದ್ದರೆ ಅಂಗೈಯಲ್ಲಿ ಹರಡಿದಾಗಲೇ ಕಾಣುತ್ತಿತ್ತು, ಹಿಟ್ಟು ಮುಗ್ಗಲಾಗಿದ್ದರೆ ಡಬ್ಬಿಯ ಮುಚ್ಚಳ ತೆರೆದಾಗಲೇ ತಿಳಿಯುತ್ತಿತ್ತು. ಮೊಹರು ಮಾಡಿದ ಪೊಟ್ಟಣವು ಕಣ್ಣು, ಮೂಗು, ನಾಲಗೆ ಮೂರಕ್ಕೂ ಬಾಗಿಲು ಮುಚ್ಚಿ, ಅವುಗಳ ಸ್ಥಾನದಲ್ಲಿ ಒಂದು ಸಾಲು ಅಚ್ಚಿನ ಅಂಕೆಗಳನ್ನು ಮಾತ್ರ ಗ್ರಾಹಕನ ಕೈಗೆ ಕೊಟ್ಟಿದೆ. ಆದಕಾರಣ ಆ ಅಂಕೆಗಳು ಕೇವಲ ಅಲಂಕಾರವಲ್ಲ. ಕೊಳ್ಳುವವನು ತನ್ನ ಇಂದ್ರಿಯಗಳ ಸಾಕ್ಷ್ಯವನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಮಾರುವವನು ಬರೆದುಕೊಟ್ಟ ವಾಗ್ದಾನ ಅದು.

ಆ ವಾಗ್ದಾನಕ್ಕೆ ಅಂಗಡಿಯಲ್ಲಿ ಎಷ್ಟು ಬೆಲೆಯಿದೆಯೆಂಬುದನ್ನು ತಿಪಟೂರು ಪೇಟೆಯ ಅಂಥದೊಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಹತ್ತಿರದಿಂದ ನೋಡಿದೆ. ಹೊನ್ನವಳ್ಳಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗನಿಗೆಂದು ರಾಗಿ ಮಾಲ್ಟಿನ ಪೊಟ್ಟಣವನ್ನು ಹಿಡಿದು, ಅದರ ಬೆನ್ನನ್ನು ನನ್ನ ಕಡೆ ತಿರುಗಿಸಿ, “ಇದ್ರ ತಾರೀಖು ಒಸಿ ನೋಡಪ್ಪ, ನಂಗೆ ಕಾಣಾಕಿಲ್ಲ” ಎಂದರು. ಕಾಣದಿದ್ದದ್ದು ಅವರ ಕಣ್ಣಿನ ತಪ್ಪಲ್ಲ. ಪೊಟ್ಟಣದ ಬಾಯಿಯನ್ನು ಒತ್ತಿ ಬೆಸೆದ ಸುಕ್ಕಿನ ಮೇಲೆಯೇ, ಚುಕ್ಕೆಚುಕ್ಕೆಯಾದ ಬೂದುಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ತಾರೀಖು ಅಚ್ಚಾಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದ ಮೇಲೆ ನನಗೂ ಅದು ಓದಲು ಸಿಕ್ಕಿತು, ಅವಧಿ ಮುಗಿದು ಎರಡು ತಿಂಗಳಾಗಿತ್ತು. ಕಪಾಟು ಜೋಡಿಸುತ್ತಿದ್ದ ಹುಡುಗಿಯನ್ನು ಕರೆದು ತೋರಿಸಿದಾಗ ಆಕೆ, “ಅಯ್ಯೋ, ಅದು ಹಳೇ ಸ್ಟಾಕು ಅಜ್ಜಿ, ಹಿಂದ್ಗಡೇದು ತಗಳಿ” ಎಂದು ಹೇಳಿ, ಹಿಂದಿನ ಸಾಲಿನಿಂದ ಹೊಸದೊಂದನ್ನು ಎಳೆದುಕೊಟ್ಟು, ಅಜ್ಜಿಯ ಕೈಯಲ್ಲಿದ್ದ ಹಳೆಯ ಪೊಟ್ಟಣವನ್ನು ಅದೇ ಕಪಾಟಿನ ಅದೇ ಸಾಲಿನಲ್ಲಿ ಇಟ್ಟಳು. ಅದರ ಪಕ್ಕದಲ್ಲಿ ಅದೇ ತಾರೀಖಿನ ಪೊಟ್ಟಣಗಳು ಇನ್ನೂ ಇದ್ದವು. ಮೇಜಿನ ಬಳಿಯಿದ್ದ ಮೇಲ್ವಿಚಾರಕರನ್ನು ಕೇಳಿದಾಗ, “ಒಂದೆರಡು ತಿಂಗಳಿಗೆಲ್ಲ ಏನೂ ಆಗಲ್ಲ ಸಾರ್, ಕಂಪನಿಯೋರು ಹಂಗೆ ಹಾಕಿರ್ತಾರೆ” ಎಂಬ ಮಾತು ಮೊದಲು ಬಂತು. ನಾನು ಅಲ್ಲಿಂದ ಕದಲದಿದ್ದಾಗ, “ತಗೊಳೋವಾಗ ನೋಡ್ಕೊಂಡು ತಗೋಬೇಕಲ್ವಾ” ಎಂಬುದು ಬಂತು. ಅವರ ಧ್ವನಿಯಲ್ಲಿ ಒರಟುತನವಿರಲಿಲ್ಲ. ನಿತ್ಯವೂ ಹೇಳಿ ರೂಢಿಯಾದ ಮಾತನ್ನು ಹೇಳುವ ಸಮಾಧಾನವಿತ್ತು, ಅದೇ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು.

“ಹಿಂದ್ಗಡೇದು ತಗಳಿ” ಎಂಬುದು ಮೇಲುನೋಟಕ್ಕೆ ಸೌಜನ್ಯದ ಮಾತು. ಕೇಳಿದವನಿಗೆ ಒಳ್ಳೆಯದು ದೊರೆಯಿತಲ್ಲ, ಇನ್ನೇನು ಬೇಕು ಎಂದು ಯಾರಾದರೂ ಕೇಳಬಹುದು. ಆದರೆ ಹಾಗೆ ಬದಲಾಯಿಸಿ ಕೊಟ್ಟಾಗ ನಿಜವಾಗಿ ನಡೆಯುವುದೇನೆಂದರೆ, ಓದಬಲ್ಲ ಒಬ್ಬ ಗ್ರಾಹಕನಿಂದ ಓದಲಾರದ ಇನ್ನೊಬ್ಬ ಗ್ರಾಹಕನ ಕೈಗೆ ಆ ಪೊಟ್ಟಣ ಸಾಗಿಹೋಗುವುದು. ಕೇಳುವವನ ಬಾಯಿ ಮುಚ್ಚಿತು, ಸರಕು ಮಾತ್ರ ಮಾರಾಟದಲ್ಲಿಯೇ ಉಳಿಯಿತು. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ತನ್ನ 26ನೆಯ ಪ್ರಕರಣದಲ್ಲಿ, ಒಂದು ತಂಡದ ಸರಕಿನಲ್ಲಿ ಯಾವುದಾದರೂ ಒಂದು ಭಾಗ ಅಸುರಕ್ಷಿತವೆಂದು ಕಂಡುಬಂದಲ್ಲಿ, ವಿವರವಾದ ಪರೀಕ್ಷೆಯಿಂದ ಬೇರೆ ರೀತಿಯಾಗಿ ಸಿದ್ಧವಾಗುವವರೆಗೆ ಆ ತಂಡದ ಸಮಸ್ತವನ್ನೂ ಅಸುರಕ್ಷಿತವೆಂದೇ ಭಾವಿಸತಕ್ಕದ್ದೆಂದು ಹೇಳುತ್ತದೆ. ಅಟ್ಟ ಹತ್ತಿದ ರೈತನು ಕೆಟ್ಟ ಕಾಯಿಯ ಸುತ್ತಣ ಕಾಯಿಗಳನ್ನು ಹೊರಳಿಸಿ ನೋಡುವುದೂ ಇದೇ ವಿವೇಕದಿಂದ. ತಾರೀಖು ಮೀರಿದ್ದೆಲ್ಲ ವಿಷವೆಂದು ನಾನು ಹೇಳುತ್ತಿಲ್ಲ; ಒಂದು ಪೊಟ್ಟಣ ಹಳೆಯದೆಂದು ತಿಳಿದ ಬಳಿಕ ಆ ಕಪಾಟನ್ನು ಪೂರ್ತಿಯಾಗಿ ನೋಡುವುದು ಅಂಗಡಿಯ ಕರ್ತವ್ಯವಾಯಿತೆಂದು ಹೇಳುತ್ತಿದ್ದೇನೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹೊರಡುವಾಗ ಆಕೆ ತಗ್ಗಿದ ದನಿಯಲ್ಲಿ, “ಎಕ್ಸ್‌ಪೈರಿ ಜಾಸ್ತಿ ಆದ್ರೆ ನಮ್ ಸಂಬಳದಲ್ಲೇ ಹಿಡೀತಾರೆ ಸಾರ್” ಎಂದಳು. ಈ ಒಂದು ವಾಕ್ಯದಲ್ಲಿ ಇಡೀ ಅವ್ಯವಸ್ಥೆಯ ಬೀಜವಿದೆ. ಅವಧಿ ಮುಗಿದದ್ದನ್ನು ಹುಡುಕಿ ತೆಗೆಯತಕ್ಕ ಕೈಯೇ, ಹುಡುಕಿ ತೆಗೆದಷ್ಟೂ ದಂಡ ತೆರಬೇಕಾದಲ್ಲಿ, ಆ ಕೈ ಹುಡುಕುವುದನ್ನು ಬಿಡುತ್ತದೆ. ಕಂಡದ್ದನ್ನು ಕೂಡ ಕಾಣದಂತೆ ಹಿಂದಕ್ಕೆ ಸರಿಸುತ್ತದೆ. ನಷ್ಟದ ನೆಪದಿಂದ ಸಂಬಳ ಹಿಡಿಯುವ ಮುನ್ನ ಕೆಲಸಗಾರನಿಗೆ ತನ್ನ ಸಮಾಧಾನ ಹೇಳಿಕೊಳ್ಳುವ ಅವಕಾಶವಿರಬೇಕೆಂದು ವೇತನದ ಕಾನೂನು ವಿಧಿಸಿರುವುದು ಇಂಥ ಹುಡುಗಿಯರ ಕಿವಿಗೆ ಯಾವಾಗ ಬಿದ್ದೀತು? ಎಷ್ಟು ಮಾಲು ತರಿಸಬೇಕು, ಯಾವುದು ನಿಧಾನವಾಗಿ ಖರ್ಚಾಗುತ್ತದೆ, ಯಾವುದಕ್ಕೆ ಬೆಲೆ ಇಳಿಸಬೇಕು ಎಂಬ ತೀರ್ಮಾನಗಳೆಲ್ಲ ಯಜಮಾನರವು. ಆ ತೀರ್ಮಾನದ ತಪ್ಪಿಗೆ ಪ್ರಾಯಶ್ಚಿತ್ತವನ್ನು ಕಪಾಟು ಒರೆಸುವವಳಿಂದ ವಸೂಲು ಮಾಡುವುದು ನ್ಯಾಯಬಾಹಿರವಾದದ್ದಷ್ಟೇ ಅಲ್ಲ, ಗ್ರಾಹಕನ ಆರೋಗ್ಯಕ್ಕೂ ಅಪಾಯಕರವಾದದ್ದು.

ಇನ್ನು “ನೋಡ್ಕೊಂಡು ತಗೋಬೇಕು” ಎಂಬ ಉತ್ತರ. ನೋಡಿ ಕೊಳ್ಳುವುದು ವಿವೇಕವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗ್ರಾಹಕನ ವಿವೇಕವು ಮಾರುವವನ ಹೊಣೆಯನ್ನು ಅಳಿಸಲಾರದು. 2006ರ ಆ ಆಹಾರ ಸುರಕ್ಷತೆಯ ಅಧಿನಿಯಮದ 27ನೆಯ ಪ್ರಕರಣವು ತಯಾರಕ, ಸಗಟು ವ್ಯಾಪಾರಿ, ವಿತರಕ, ಮಾರಾಟಗಾರ ಈ ಪ್ರತಿಯೊಬ್ಬನ ಹೊಣೆಯನ್ನೂ ಬೇರೆಬೇರೆಯಾಗಿ ಗೊತ್ತುಮಾಡಿದೆ: ಅವಧಿ ಮುಗಿದ ಮೇಲೆ ಸರಬರಾಜಾದ ಆಹಾರಕ್ಕೆ ವಿತರಕನೂ, ಅವಧಿ ಮುಗಿದ ಮೇಲೆ ಮಾರಾಟವಾದ ಆಹಾರಕ್ಕೆ ಮಾರಾಟಗಾರನೂ ಉತ್ತರವಾದಿಗಳು. ಕೊಂಡವನು ತಾರೀಖು ನೋಡಿದ್ದನೆ ಇಲ್ಲವೆ ಎಂಬ ಪ್ರಶ್ನೆಯನ್ನು ಆ ಪ್ರಕರಣ ಎತ್ತುವುದೇ ಇಲ್ಲ. ಬಿಲ್ಲಿನ ಯಂತ್ರವು ಹಳೆಯ ಸರಕನ್ನು ತಾನಾಗಿಯೇ ತಡೆದೀತೆಂದು ಹಲವರು ನಂಬಿದ್ದಾರೆ, ಅದೂ ಹುಸಿನಂಬಿಕೆ. ಪೊಟ್ಟಣದ ಮೇಲಿನ ಸಾಧಾರಣ ಬಾರ್‌ಕೋಡಿನ ಗೆರೆಗಳಲ್ಲಿ ಅದು ಯಾವ ಕಂಪನಿಯ ಯಾವ ಪದಾರ್ಥವೆಂಬುದು ಇರುತ್ತದೆಯೇ ಹೊರತು ಅದರ ಅವಧಿ ಇರುವುದಿಲ್ಲ. ಮೊನ್ನೆ ತಯಾರಾದದ್ದಕ್ಕೂ ಕಳೆದ ವರ್ಷ ತಯಾರಾದದ್ದಕ್ಕೂ ಯಂತ್ರವು ಒಂದೇ ಸದ್ದು ಮಾಡಿ ಒಂದೇ ಬೆಲೆ ಹಾಕುತ್ತದೆ. ಮನುಷ್ಯನ ಕಣ್ಣು ಬಿಟ್ಟು ಇಲ್ಲಿ ಬೇರೆ ಕಾವಲಿಲ್ಲ, ಆ ಕಣ್ಣು ಮೊದಲು ಅಂಗಡಿಯವನದಾಗಿರಬೇಕು.

ನೋಡಿ ಕೊಳ್ಳಬೇಕೆಂದು ಹೇಳುವವರು ನೋಡಲು ಬರುವಂತೆ ಬರೆದಿದ್ದಾರೆಯೆ ಎಂಬುದು ಇನ್ನೊಂದು ಮಾತು. ಆಹಾರದ ಲೇಬಲಿನ ಮೇಲಣ ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ಸಾಕೆಂದು ಕೇಂದ್ರದ ನಿಯಮ ಹೇಳುತ್ತದೆ. ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಸರಕುಗಳ ಹೆಸರು ಮತ್ತು ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ವಿಧಿಸಿರುವುದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಹೊನ್ನವಳ್ಳಿಯ ಅಜ್ಜಿಗೆ ‘ಇಂಥ ತಿಂಗಳ ಒಳಗೆ ಬಳಸಿ’ ಎಂದು ದಪ್ಪ ಅಕ್ಷರದಲ್ಲಿ ಓದಲು ಸಿಕ್ಕುವ ದಿನ ಬರುವವರೆಗೆ, ಓದಿ ಹೇಳುವ ಭಾರ ಅಂಗಡಿಯ ಮೇಲೆಯೇ ಇರತಕ್ಕದ್ದು.

ಮೂರನೆಯದಾಗಿ ಉಳಿದ “ಏನೂ ಆಗಲ್ಲ” ಎಂಬ ಮಾತನ್ನು ತೂಗಿ ನೋಡಬೇಕು, ಏಕೆಂದರೆ ಅದರಲ್ಲಿ ಅರೆಪಾಲು ಸತ್ಯವುಂಟು. ಇಂಥ ದಿನದವರೆಗೆ ಉತ್ತಮ ಎಂಬ ತಾರೀಖಿಗೂ ಇಂಥ ದಿನದೊಳಗೆ ಬಳಸತಕ್ಕದ್ದು ಎಂಬ ತಾರೀಖಿಗೂ ಭೇದವಿದೆ. ಮೊದಲನೆಯದು ರುಚಿ, ಗರಿಗರಿ, ಪರಿಮಳಗಳಿಗೆ ಸಂಬಂಧಿಸಿದ್ದು. ಎರಡನೆಯದು ಸುರಕ್ಷತೆಗೆ ಸಂಬಂಧಿಸಿದ್ದು. 2020ರ ಲೇಬಲ್ ನಿಯಮಗಳು ಈ ಎರಡನೆಯ ತಾರೀಖನ್ನು ಕಡ್ಡಾಯಗೊಳಿಸಿ, ಮೊದಲನೆಯದನ್ನು ತಯಾರಕನ ಇಚ್ಛೆಗೆ ಬಿಟ್ಟವು. ಆದ್ದರಿಂದ ಇಂದು ಪೊಟ್ಟಣದ ಮೇಲೆ ಕಾಣುವ ಅವಧಿಯನ್ನು ಕೇವಲ ರುಚಿಯ ಗಡಿಯೆಂದು ತಳ್ಳಿಹಾಕಲು ಮೇಲ್ವಿಚಾರಕನಿಗೆ ಅಧಿಕಾರವಿಲ್ಲ. ಒಂದು ದಿನ ಕಳೆದ ಮಾತ್ರಕ್ಕೆ ಗಟ್ಟಿಮುಟ್ಟಾದ ಬಿಸ್ಕತ್ತು ವಿಷವಾಗುವುದಿಲ್ಲ, ನಿಜ; ಆದರೆ ಹಸುಗೂಸಿನ ಆಹಾರ, ಹಾಲು, ಪನೀರು, ಬೇಸಗೆಯ ಬಿಸಿಲಿಗೆ ಕಮಟಾಗುವ ಎಣ್ಣೆತಿಂಡಿ ಇವುಗಳಲ್ಲಿ ಆಗುವುದೇನೆಂಬುದನ್ನು ಅಂದಾಜಿನಿಂದ ತೀರ್ಮಾನಿಸತಕ್ಕವರು ಯಾರು? ತನ್ನ ಮನೆಯಲ್ಲಿರುವ ಡಬ್ಬಿಯ ಬಗ್ಗೆ ತಾಯಿ ತೀರ್ಮಾನಿಸಿಯಾಳು. ಪರರ ಮಗುವಿನ ಬಗ್ಗೆ ವ್ಯಾಪಾರಿ ತೀರ್ಮಾನಿಸತಕ್ಕದ್ದಲ್ಲ.

ನಮ್ಮ ಊರುಗಳಲ್ಲಿ ಮಾತ್ರ ಇಂಥ ಉಪೇಕ್ಷೆಯಿದೆಯೆಂದು ಭಾವಿಸಿ ಕುಗ್ಗಬೇಕಾದ್ದಿಲ್ಲ. ಬ್ರಿಟನ್ನಿನ ಅತಿದೊಡ್ಡ ಸರಣಿ ಅಂಗಡಿಯಾದ ಟೆಸ್ಕೊ ಬರ್ಮಿಂಗ್‌ಹ್ಯಾಂ ನಗರದ ತನ್ನ ಮೂರು ಮಳಿಗೆಗಳಲ್ಲಿ ಅವಧಿ ಮೀರಿದ ಆಹಾರವನ್ನು ಮಾರಾಟಕ್ಕಿಟ್ಟ ಅಪರಾಧಕ್ಕೆ 2021ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯಾಲಯ 75 ಲಕ್ಷ 60 ಸಾವಿರ ಪೌಂಡುಗಳ ದಂಡ ವಿಧಿಸಿತು. ಗ್ರಾಹಕರ ದೂರು ಬಂದಾಗ ನಗರಸಭೆಯ ಅಧಿಕಾರಿಗಳು ಅಂಗಡಿಗೆ ಹೋಗಿ ಪರಿಶೀಲಿಸಿದ್ದರಿಂದಲೇ ಆ ಪ್ರಕರಣ ಹುಟ್ಟಿತು. ನಮ್ಮ ಬೆಂಗಳೂರಿನಲ್ಲಿಯೂ 2023ರಲ್ಲಿ ಕೊಂಡ ಓಟ್ಸ್ ಪೊಟ್ಟಣವೊಂದರ ಮೂಲ ತಾರೀಖಿನ ಮೇಲೆ ಬೇರೊಂದು ಚೀಟಿ ಅಂಟಿಸಲಾಗಿತ್ತೆಂದು, ಅದನ್ನು ತಿಂದು ಕಾಯಿಲೆ ಬಿದ್ದ ಗ್ರಾಹಕರೊಬ್ಬರು ದೂರಿದಾಗ, ಗ್ರಾಹಕ ಆಯೋಗವು ಅಂಗಡಿಯಿಂದ ಪರಿಹಾರ ಕೊಡಿಸಿತು. ಮೊತ್ತ ದೊಡ್ಡದಲ್ಲ. ಆದರೂ ಅಂಗಡಿಯ ಬಾಗಿಲಲ್ಲಿ ಮುಗಿಯಬೇಕಾಗಿದ್ದ ಮಾತು ನ್ಯಾಯಪೀಠದ ಮುಂದಕ್ಕೆ ಹೋಯಿತೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಸೀಮೆಯವನು ಆ ದಾರಿ ಹಿಡಿಯುವುದೆಂದರೆ, ಜಿಲ್ಲಾ ಗ್ರಾಹಕ ಆಯೋಗವಿರುವ ತುಮಕೂರಿಗೆ ತಿಪಟೂರಿನಿಂದ ಎಪ್ಪತ್ತು ಕಿಲೋಮೀಟರಿಗೂ ಮೇಲ್ಪಟ್ಟ ಪ್ರಯಾಣ. ನೂರೈವತ್ತು ರೂಪಾಯಿಯ ಪೊಟ್ಟಣಕ್ಕಾಗಿ ತೋಟದ ಕೆಲಸ ಬಿಟ್ಟು ಯಾರು ಹೋದಾರು? 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಮನೆಯಿಂದಲೇ ದೂರು ದಾಖಲಿಸಬಹುದು, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, 1915 ಎಂಬ ಸಂಖ್ಯೆಗೆ ಕರೆಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ. ಈ ಸೌಕರ್ಯಗಳನ್ನೆಲ್ಲ ಬಳಸಿಕೊಳ್ಳಬೇಕಾದರೆ ಕೈಯಲ್ಲಿ ಬಿಲ್ಲಿರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಅಂಗಡಿಯ ಹದಿನಾಲ್ಕು ಅಂಕೆಗಳ ಆಹಾರ ಪರವಾನಗಿ ಸಂಖ್ಯೆ ಇರಲೇಬೇಕೆಂದು ನಿಯಮವಾಗಿದೆ. ಬಾಗಿಲು ದಾಟುವ ಮುನ್ನವೇ ಆ ಚೀಟಿಯನ್ನು ಮುದುರಿ ಎಸೆಯುವ ಅಭ್ಯಾಸವನ್ನು ನಮ್ಮವರು ಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ವ್ಯಾಪಾರಿಯ ಕಷ್ಟವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ದೊಡ್ಡ ಕಂಪನಿಗಳ ವಿತರಕರು ಹಬ್ಬದ ಮುಂದೆ ಮಾಲನ್ನು ಹೇರಿ ಹೋಗುತ್ತಾರೆ. ಖರ್ಚಾಗದೆ ಉಳಿದದ್ದನ್ನು ವಾಪಸು ಪಡೆಯಲು ಬಂದಾಗ ಅವರ ಉತ್ಸಾಹ ಕುಂದಿರುತ್ತದೆ. ಕೆಲವರು ಹಣ ಹೊಂದಿಸಿಕೊಡುತ್ತಾರೆ, ಕೆಲವರು ಅರ್ಧ ಕೊಡುತ್ತಾರೆ, ಕೆಲವರು ಮುಂದಿನ ತಿಂಗಳು ಎನ್ನುತ್ತಾರೆ. ಹುಳಿಯಾರಿನಂಥ ಊರಿನ ಸಣ್ಣ ಅಂಗಡಿಯವನಿಗೆ ಈ ನಷ್ಟ ಹಗುರವಾದದ್ದಲ್ಲ. ಹೀಗೆ ವಾಪಸಾದ ಸರಕು ಎಲ್ಲಿಗೆ ಹೋಗುತ್ತದೆಂಬುದು ಇನ್ನೂ ಗಂಭೀರವಾದ ಪ್ರಶ್ನೆ. ತಾರೀಖು ಅಳಿಸಿ ಹೊಸದು ಒತ್ತಿ ಮತ್ತೆ ಹಳ್ಳಿಯ ಸಂತೆಗೆ ಬರುವ ಭಯದಿಂದಲೇ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ, ಅವಧಿ ಮುಗಿದ ಮತ್ತು ತಿರಸ್ಕೃತವಾದ ಆಹಾರದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕೆಂದು ತಯಾರಕರಿಗೂ ಆಮದುದಾರರಿಗೂ ಆಜ್ಞೆ ಮಾಡಿತು. ಇದಕ್ಕೆ ಒಂದು ತಿಂಗಳ ಹಿಂದೆ, ಮನೆಬಾಗಿಲಿಗೆ ಆಹಾರ ತಲಪಿಸುವ ಆನ್‌ಲೈನ್ ಕಂಪನಿಗಳಿಗೆ, ತಲಪಿಸುವ ಹೊತ್ತಿಗೆ ಬಾಳಿಕೆಯ ಶೇಕಡ 30 ಭಾಗವಾದರೂ ಅಥವಾ 45 ದಿನಗಳಾದರೂ ಉಳಿದಿರಬೇಕೆಂದು ಅದೇ ಪ್ರಾಧಿಕಾರ ಹೇಳಿತ್ತು. ಬೆಂಗಳೂರಿನ ಮಹಡಿಮನೆಗೆ ದೊರೆತ ಈ ರಕ್ಷಣೆ ತುರುವೇಕೆರೆಯ ಅಂಗಡಿಯ ಕಪಾಟಿಗೆ ಏಕೆ ದೊರೆಯಬಾರದು?

ನಾನು ಅಂಗಡಿಗಳಿಂದ ಬಯಸುವುದು ಅಸಾಧ್ಯವಾದದ್ದಲ್ಲ. ಅವಧಿ ಹತ್ತಿರವಾದ ಸರಕನ್ನು, ಹತ್ತಿರವಾಗಿದೆಯೆಂದು ಕನ್ನಡದಲ್ಲಿ ಬರೆದಿಟ್ಟು, ಬೆಲೆ ಇಳಿಸಿ, ಬೇರೆ ಮೇಜಿನ ಮೇಲೆ ಮಾರಲಿ. ಬಡವನಿಗೆ ಅದರಿಂದ ಉಪಕಾರವೇ. ಮುಗಿದದ್ದನ್ನು ಗ್ರಾಹಕನು ತೋರಿಸಿದಾಗ ಅವನ ಕಣ್ಣೆದುರಿನಲ್ಲಿಯೇ ಆ ಸಾಲಿನ ಎಲ್ಲ ಪೊಟ್ಟಣಗಳನ್ನೂ ತೆಗೆದು, ಮಾರಾಟಕ್ಕಲ್ಲವೆಂದು ಬರೆದ ಪೆಟ್ಟಿಗೆಗೆ ಹಾಕಿ, ಎಷ್ಟು ಸಿಕ್ಕಿತು, ಯಾವ ತಾರೀಖಿನದು ಎಂದು ಪುಸ್ತಕದಲ್ಲಿ ಬರೆದಿಡಲಿ. ಹುಡುಕಿಕೊಟ್ಟ ಕೆಲಸದ ಹುಡುಗಿಯ ಸಂಬಳಕ್ಕೆ ಯಾರೂ ಕೈಹಾಕದಿರಲಿ. ಇಷ್ಟನ್ನು ಮಾಡುವ ಅಂಗಡಿಯಲ್ಲಿ ಹಳೆಯ ಪೊಟ್ಟಣ ಒಂದು ಸಿಕ್ಕಿದರೂ ನಾನು ಮರುದಿನ ಅಲ್ಲಿಗೇ ಹೋಗುತ್ತೇನೆ.

ಅಧಿಕಾರಿಗಳ ಪಾಲಿನದು ಇನ್ನೊಂದಿದೆ. ತಪ್ಪು ಸಿದ್ಧವಾದಲ್ಲಿ ದಂಡ ಗೊತ್ತುಮಾಡುವ ಅಧಿಕಾರವು ಜಿಲ್ಲೆಯಲ್ಲಿ ಅಪರ ಜಿಲ್ಲಾಧಿಕಾರಿಯ ದರ್ಜೆಯವರಿಗುಂಟು. ಆದರೆ ಕಡತವು ಅವರ ಮೇಜಿಗೆ ಬರಬೇಕಾದರೆ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿ ಕಪಾಟಿನ ಮುಂದೆ ನಿಲ್ಲಬೇಕು. ಗೌರಿ ಗಣೇಶದಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಮಾಲು ಹೆಚ್ಚಾಗಿ ಬಂದು, ಉಳಿದದ್ದು ಸಂಕ್ರಾಂತಿಯ ಹೊತ್ತಿಗೆ ಹಳತಾಗುವುದರಿಂದ, ಹಬ್ಬಕ್ಕೆ ಮುಂಚೆ ಒಂದು ಸಲ, ಹಬ್ಬ ಕಳೆದ ಮೇಲೆ ಇನ್ನೊಂದು ಸಲ ಮೂರು ತಾಲ್ಲೂಕುಗಳ ದೊಡ್ಡ ಅಂಗಡಿಗಳನ್ನೂ, ಕಿಬ್ಬನಹಳ್ಳಿ ಕ್ರಾಸ್, ಹುಳಿಯಾರು, ಮಾಯಸಂದ್ರಗಳ ಸಣ್ಣ ಅಂಗಡಿಗಳನ್ನೂ ಅವರು ನಗರಸಭೆ ಮತ್ತು ಪಂಚಾಯಿತಿಗಳ ಆರೋಗ್ಯ ಸಿಬ್ಬಂದಿಯೊಡನೆ ಪರಿಶೀಲಿಸಲಿ. ಯಾವ ಅಂಗಡಿಯಲ್ಲಿ ಏನು ಸಿಕ್ಕಿತು, ಅಂಗಡಿಯವರು ಏನು ಮಾಡಿದರು ಎಂಬ ವರದಿಯನ್ನು ಕೊಬ್ಬರಿಯ ಹರಾಜಿಗೆ ಜನ ಸೇರುವ ಮಾರುಕಟ್ಟೆಯ ಅಂಗಳದಲ್ಲಿಯೂ, ತಾಲ್ಲೂಕು ಕಚೇರಿಯ ಫಲಕದಲ್ಲಿಯೂ ಕನ್ನಡದಲ್ಲಿ ಅಂಟಿಸಲಿ.